ಕೊಟ್ಟ ಕೆಲಸ ಒಂದು, ತಂದ ಠರಾವು ಇನ್ನೊಂದು



ನಮ್ಮ ಕಡೆ ಯಾವ ಸಭೆಯ ನೋಟೀಸು ಬಂದರೂ ಅದರ ಕೊನೆಯ ಸಾಲನ್ನು ಓದದೆಯೇ ಹೇಳಿಬಿಡಬಹುದು. ಪಟ್ಟಣ ಪಂಚಾಯಿತಿಯದಿರಲಿ, ಕೃಷಿ ಪತ್ತಿನ ಸಂಘ ಪಿಕೆಪಿಎಸ್‌ನದಿರಲಿ, ಹಾಲಿನ ಸಂಘ, ಶಾಲೆಯ ಎಸ್‌ಡಿಎಂಸಿ, ಜಾತ್ರಾ ಕಮಿಟಿ ಯಾವುದೇ ಇರಲಿ, ಅಜೆಂಡಾದ ತುದಿಗೆ ಆ ಸಾಲು ಕೂತೇ ಇರುತ್ತದೆ: ‘ಮಾನ್ಯ ಅಧ್ಯಕ್ಷರ ಅಪ್ಪಣೆಯ ಮೇರೆಗೆ ಬರುವ ಇತರ ವಿಷಯಗಳು.’ ಮೇಲಿನ ವಿಷಯಗಳೆಲ್ಲ ಚಹಾ ಬರುವುದರೊಳಗೆ ಮುಗಿಯುತ್ತವೆ. ಜಗಳ ಹುಟ್ಟುವುದು, ಕುರ್ಚಿ ಹಿಂದೆ ಸರಿಯುವುದು, ಕೆಲವರು ಸಹಿ ಹಾಕದೆ ಎದ್ದುಹೋಗುವುದು ಈ ಕೊನೆಯ ಸಾಲಿನಲ್ಲಿ.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಸಾಲಿನೊಳಗೆ ನುಸುಳಿ ಬರುವ ಒಂದು ಬಗೆಯ ಠರಾವಿನ ಬಗ್ಗೆ. ಒಂದು ಕೆಲಸಕ್ಕೆಂದು ಕಮಿಟಿ ಮಾಡಿರುತ್ತೇವೆ. ಅದು ತಿರುಗಿ ಬಂದಾಗ ಆ ಕೆಲಸದ ವರದಿಯ ಜೊತೆಗೆ, ಯಾರೂ ಕೇಳದ ಇನ್ನೊಂದು ವಿಷಯದ ಠರಾವನ್ನೂ ಹೊತ್ತು ತರುತ್ತದೆ. ಹಾಗೆ ತರಬಹುದೇ?

ವಿಜಯಪುರ ಜಿಲ್ಲೆಯ ಕೊಲ್ಹಾರದ ಮಂದಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. 2017ರ ರಾಜ್ಯ ಬಜೆಟ್ಟಿನಲ್ಲಿ ಪ್ರಕಟವಾದ 49 ಹೊಸ ತಾಲ್ಲೂಕುಗಳಲ್ಲಿ ಕೊಲ್ಹಾರವೂ ಒಂದು. ಬಸವನ ಬಾಗೇವಾಡಿಗೆ ಓಡಾಡುತ್ತಿದ್ದ ಊರು 2018ರಿಂದ ತಾನೇ ತಾಲ್ಲೂಕು ಕೇಂದ್ರವಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಕಚೇರಿಗಳು, ಅವುಗಳ ಬೆನ್ನಿಗೇ ಹೊಸ ಹೊಸ ಸಮಿತಿಗಳು. ಅದಕ್ಕಿಂತ ಮೊದಲೂ ಈ ಊರಿಗೆ ಕಮಿಟಿಗಳೇನು ಅಪರೂಪವಲ್ಲ. ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹಳೇ ಊರು ಬಿಟ್ಟುಕೊಟ್ಟು ಮೇಲೆ ಬಂದು ಮನೆ ಕಟ್ಟಿಕೊಂಡವರ ಊರು ಇದು. ಪ್ಲಾಟು, ಪರಿಹಾರ, ಗುಡಿ, ಮಸೀದಿ, ಶಾಲೆ, ರಸ್ತೆ, ಪ್ರತಿಯೊಂದಕ್ಕೂ ನಾಲ್ಕು ಮಂದಿ ಹಿರಿಯರು ಕೂತು ಮಾತಾಡದೆ ಇಂಥ ಊರು ನೆಲೆ ನಿಲ್ಲುವುದಿಲ್ಲ.

ಒಂದು ಊಹೆಯ ಉದಾಹರಣೆ ಇಟ್ಟುಕೊಳ್ಳೋಣ. ಜಾತ್ರೆಗೆ ಬರುವ ಮಂದಿಗೆ ನೀರು, ನೆರಳು, ದೀಪದ ವ್ಯವಸ್ಥೆ ನೋಡಲು ಏಳು ಜನರ ಉಪಸಮಿತಿ ಮಾಡಿದ್ದಾರೆ ಅನ್ನಿ. ಅವರು ನಾಲ್ಕು ದಿನ ಓಡಾಡಿ ನೋಡಿದರು. ನೀರಿನ ಟ್ಯಾಂಕರ್ ಬರುವ ದಾರಿಗೆ ಸಂತೆಯ ಅಂಗಡಿಗಳು ಅಡ್ಡವಾಗಿವೆ ಎಂಬುದು ಅವರಿಗೆ ಕಂಡಿತು. ತಿರುಗಿ ಬಂದವರು ವರದಿಯಲ್ಲಿ ಟ್ಯಾಂಕರ್ ಎಷ್ಟು ಬೇಕು, ಪೆಂಡಾಲು ಎಲ್ಲಿ ಹಾಕಬೇಕು ಎಂದು ಬರೆದರು. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ವಾರದ ಸಂತೆಯನ್ನು ಕಾಯಂ ಆಗಿ ಊರ ಹೊರಗೆ ಸ್ಥಳಾಂತರಿಸಬೇಕು. ಸೂಚಕರು ಇಂಥವರು, ಅನುಮೋದಕರು ಇಂಥವರು. ಸಭೆಯಲ್ಲಿ ಹದಿನೈದು ಮಂದಿ ಇದ್ದರು, ಎಲ್ಲರೂ ಕೈ ಎತ್ತಿದರು, ಠರಾವು ಪಾಸಾಯಿತು.

ಸಂತೆಯನ್ನು ಬೇರೆ ಕಡೆ ಒಯ್ಯುವುದು ಒಳ್ಳೆಯ ವಿಚಾರವೇ ಇರಬಹುದು. ಆದರೆ ಆ ಸಂತೆಯಲ್ಲಿ ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ತಂದು ಮಾರುವ ಹೆಣ್ಣುಮಗಳು ಸಭೆಗೆ ಬಂದಿರಲಿಲ್ಲ. ಏಕೆ ಬರಬೇಕು? ನೋಟೀಸಿನಲ್ಲಿ ಇದ್ದದ್ದು ಜಾತ್ರೆಯ ನೀರಿನ ವಿಷಯ. ತನಗೆ ಸಂಬಂಧವಿಲ್ಲ ಎಂದು ಆಕೆ ಮನೆಯಲ್ಲಿ ಉಳಿದಳು. ಹಾಗೆ ಉಳಿಯುವ ಹಕ್ಕು ಆಕೆಗೆ ಇತ್ತು. ಮರುವಾರ ಗಡಿಗೆ ಹೊತ್ತು ಬಂದಾಗ ಜಾಗವೇ ಇಲ್ಲ.

ಕಮಿಟಿಗೆ ಒಂದು ಗೆರೆ ಬೇಕು ಅನ್ನುವವರ ವಾದದ ತಿರುಳೆಲ್ಲ ಇಲ್ಲಿದೆ ಎಂದು ನನಗನ್ನಿಸುತ್ತದೆ. ಗೆರೆ ಎಳೆಯುವುದು ಒಳಗೆ ಕೂತವರ ಬಾಯಿ ಕಟ್ಟಲು ಎಂದು ನಾವು ತಿಳಿಯುತ್ತೇವೆ. ಅದರ ದೊಡ್ಡ ಉಪಯೋಗ ಇರುವುದು ಬಾರದೇ ಉಳಿದವರಿಗೆ. ಇಂಥ ಕಮಿಟಿ ಇಂಥ ವಿಷಯವನ್ನಷ್ಟೇ ನೋಡುತ್ತದೆ ಎಂಬ ನಂಬಿಕೆಯ ಮೇಲೆ ಊರಿನ ಉಳಿದವರು ತಮ್ಮ ತಮ್ಮ ಹೊಲ, ಅಂಗಡಿ, ದನ ನೋಡಿಕೊಂಡು ಇರುತ್ತಾರೆ. ಆ ನಂಬಿಕೆ ಮುರಿದರೆ ಪ್ರತಿ ಸಭೆಗೂ ಎಲ್ಲರೂ ಬಂದು ಕಾವಲು ಕೂಡಬೇಕಾಗುತ್ತದೆ.

ಹಾಗಂತ ಕಮಿಟಿಯವರು ಕಂಡದ್ದನ್ನು ಕಾಣದ ಹಾಗೆ ಇರಬೇಕೇ? ನಿಮ್ಮ ಹೊಲ ಕಾಯಲು ಒಬ್ಬನನ್ನು ಇಟ್ಟಿದ್ದೀರಿ. ಪಕ್ಕದ ಹೊಲದ ಬಣವೆಗೆ ಬೆಂಕಿ ಬಿದ್ದದ್ದು ಅವನ ಕಣ್ಣಿಗೆ ಬಿತ್ತು. ಅವನು ಕೂಗಬೇಕು. ಕೂಗದಿದ್ದರೆ ಅವನು ಮನುಷ್ಯನೇ ಅಲ್ಲ. ಆದರೆ ಬಣವೆ ಉಳಿಸುತ್ತೇನೆಂದು ಪಕ್ಕದವರ ಎತ್ತು ಬಿಚ್ಚಿ ಮಾರುವ ಅಧಿಕಾರ ಅವನಿಗಿಲ್ಲ. ಕಮಿಟಿಯ ವಿಷಯದಲ್ಲೂ ನನ್ನ ಮಾತು ಇಷ್ಟೇ: ಗೆರೆಯ ಆಚೆ ಕಂಡದ್ದನ್ನು ಕಮಿಟಿ ಹೇಳಬಹುದು, ಎಷ್ಟೋ ಸಲ ಹೇಳಲೇಬೇಕು. ಆದರೆ ಕಮಿಟಿಯ ಹೆಸರಿನಲ್ಲಿ ಅದನ್ನು ಠರಾವು ಮಾಡಿ ಸಭೆಯ ಮುಂದೆ ಇಡಬಾರದು. ಆ ಏಳು ಜನರಲ್ಲಿ ಯಾರಾದರೂ ಒಬ್ಬರು, ಕಮಿಟಿಯ ಪರವಾಗಿ ಅಲ್ಲದೆ ಸಭೆಯ ಸಾಮಾನ್ಯ ಸದಸ್ಯನಾಗಿ ಎದ್ದು, ಮುಂದಿನ ಸಭೆಗೆ ನೋಟೀಸು ಕೊಟ್ಟು, ಆ ವಿಷಯವನ್ನು ಬೇರೆಯಾಗಿಯೇ ಮಂಡಿಸಲಿ. ಆಗ ಮೊಸರಿನಾಕೆಗೂ ಸುದ್ದಿ ಮುಟ್ಟುತ್ತದೆ.

ಇದು ನನ್ನ ಸ್ವಂತ ಕಲ್ಪನೆಯೇನೂ ಅಲ್ಲ. ಅಮೆರಿಕದ ಸೈನ್ಯದಲ್ಲಿ ಇಂಜಿನಿಯರ್ ಆಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬುವವರು 1863ರಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿನ ಚರ್ಚಿನಲ್ಲಿ ಒಂದು ಸಭೆಯ ಅಧ್ಯಕ್ಷತೆ ವಹಿಸಿದರು. ಸಭೆ ಗದ್ದಲದಲ್ಲಿ ಮುಳುಗಿತು, ಇವರಿಗೆ ಅದನ್ನು ಹಿಡಿತಕ್ಕೆ ತರಲು ಆಗಲಿಲ್ಲ. ಆ ಅವಮಾನದಿಂದ ಸಭಾ ನಡವಳಿಕೆಯನ್ನು ಓದಲು ಕೂತವರು 1876ರಲ್ಲಿ ಒಂದು ನಿಯಮಾವಳಿಯನ್ನೇ ಅಚ್ಚು ಹಾಕಿಸಿದರು. ಇಂದಿಗೂ ಜಗತ್ತಿನ ಸಾವಿರಾರು ಸಂಘಗಳು ಅದನ್ನು ಹಿಡಿದು ಸಭೆ ನಡೆಸುತ್ತವೆ. ಆ ಸಂಪ್ರದಾಯದಲ್ಲಿ ಕಮಿಟಿ ಎಂದರೆ ದೊಡ್ಡ ಸಭೆಯ ಕೈ. ಅದಕ್ಕೆ ಏನು ಒಪ್ಪಿಸಿದ್ದಾರೋ ಅದರ ಮೇಲೆ ವರದಿ ಕೊಡುವುದು ಅದರ ಕೆಲಸ.

ನಮ್ಮ ಕಾನೂನೂ ಅದೇ ಜಾಡಿನಲ್ಲಿದೆ. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಗ್ರಾಮ ಪಂಚಾಯಿತಿಗೆ ಸಾಮಾನ್ಯ ಸ್ಥಾಯಿ ಸಮಿತಿ, ಹಣಕಾಸು ಮತ್ತು ಯೋಜನೆ ನೋಡುವ ಸಮಿತಿ, ಸಾಮಾಜಿಕ ನ್ಯಾಯ ಸಮಿತಿ ಎಂದು ಇರುತ್ತವೆ. ಪ್ರತಿಯೊಂದರ ಕೆಲಸವನ್ನೂ ಕಾಯಿದೆ ಹೇಳಿದೆ. ಪಂಚಾಯಿತಿ ಎಷ್ಟು ಅಧಿಕಾರ ಬಿಟ್ಟುಕೊಟ್ಟಿದೆಯೋ ಅಷ್ಟೇ ಅವುಗಳ ಅಧಿಕಾರ. ಸಾಮಾಜಿಕ ನ್ಯಾಯ ಸಮಿತಿ ಕೂತು ಕುಡಿಯುವ ನೀರಿನ ಪೈಪ್‌ಲೈನಿನ ಟೆಂಡರು ಮಂಜೂರು ಮಾಡಿದರೆ ಆ ಹಾಳೆಗೆ ಬೆಲೆಯಿಲ್ಲ.

ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ ಇದಕ್ಕಿಂತ ಜಾಣತನದ ಒಂದು ಏರ್ಪಾಡಿದೆ. ಅದನ್ನು ನಾನು ಬಹಳ ಮೆಚ್ಚುತ್ತೇನೆ. ಅಲ್ಲಿ ಸಂಸದೀಯ ಸಮಿತಿಗಳಿಗೆ ಬಿಗಿಯಾದ ಬೇಲಿ ಹಾಕಿದ್ದಾರೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ದುಡ್ಡು ಹೇಗೆ ಖರ್ಚಾಯಿತು ಎಂದು ನೋಡಬೇಕು, ಸರ್ಕಾರದ ನೀತಿ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಳಿಯಬಾರದು. ಅಂದಾಜು ಸಮಿತಿಗೆ ಮಾತ್ರ ಪರ್ಯಾಯ ನೀತಿ ಸೂಚಿಸುವ ಬಾಗಿಲು ತೆರೆದಿದೆ. ಇಲಾಖೆಗಳಿಗೆ ಸಂಬಂಧಿಸಿದ ಸ್ಥಾಯಿ ಸಮಿತಿಗಳು ಅನುದಾನ ಬೇಡಿಕೆಗಳನ್ನು ಪರಿಶೀಲಿಸಬಹುದು. ಆದರೆ ತಮ್ಮ ವರದಿಯಲ್ಲಿ ಕಡಿತ ಸೂಚನೆಯ ಸ್ವರೂಪದ್ದು ಏನನ್ನೂ ಹೇಳುವಂತಿಲ್ಲ. ಇಷ್ಟೆಲ್ಲ ಬೇಲಿ ಹಾಕಿದ ಆ ನಿಯಮಾವಳಿಯೇ ಒಂದು ಕಿಂಡಿಯನ್ನೂ ಬಿಟ್ಟಿದೆ. ಕೆಲಸ ಮಾಡುವಾಗ ಯಾವುದಾದರೂ ಸಂಗತಿ ಸಮಿತಿಯ ಗಮನಕ್ಕೆ ಬಂದು, ಅದು ಸಭಾಧ್ಯಕ್ಷರಿಗೋ ಸದನಕ್ಕೋ ತಿಳಿಯಬೇಕಾದದ್ದು ಎನಿಸಿದರೆ, ಅದು ತನಗೆ ಒಪ್ಪಿಸಿದ ವಿಷಯದ ಹೊರಗಿನದೇ ಆಗಿದ್ದರೂ ಸಮಿತಿ ವಿಶೇಷ ವರದಿ ಕೊಡಬಹುದು. ಕೂಗುವುದಕ್ಕೆ ಹಾದಿ ಇದೆ, ಆದರೆ ಅದು ಬೇರೆ ಹಾದಿ. ಒಪ್ಪಿಸಿದ ಕೆಲಸದ ವರದಿಯೊಳಗೆ ತುರುಕಿ ತರುವ ಹಾಗಿಲ್ಲ.

ಇಲ್ಲಿ ಯಾರಾದರೂ ತಿಳಿದವರು ನನ್ನನ್ನು ತಡೆಯಬಹುದು. ‘ಜಗತ್ತಿನಲ್ಲಿ ದೊಡ್ಡ ಕೆಲಸಗಳಾದದ್ದೇ ಗೆರೆ ದಾಟಿದವರಿಂದ’ ಅನ್ನಬಹುದು. ನಿಜ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಅಮೆರಿಕದ ಪ್ರತಿನಿಧಿಗಳಿಗೆ ಅವರ ಕಾಂಗ್ರೆಸ್ಸು ಒಪ್ಪಿಸಿದ್ದು ಹಳೆಯ ಒಕ್ಕೂಟದ ಒಪ್ಪಂದವನ್ನು ತಿದ್ದುವ ಕೆಲಸ, ಅದೊಂದೇ ಕೆಲಸ. ಬಾಗಿಲು ಮುಚ್ಚಿಕೊಂಡು ಕೂತ ಅವರು ಹಳೆಯದನ್ನು ಪಕ್ಕಕ್ಕೆ ಸರಿಸಿ ಹೊಸ ಸಂವಿಧಾನವನ್ನೇ ಬರೆದು ತಂದರು. ಹಳೆಯ ಒಪ್ಪಂದ ತಿದ್ದಲು ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕಿತ್ತು. ಹೊಸದಕ್ಕೆ ಒಂಬತ್ತು ಸಾಕು ಎಂದು ತಾವೇ ಬರೆದುಕೊಂಡರು. ರೋಡ್ ಐಲೆಂಡ್ ರಾಜ್ಯವಂತೂ ಪ್ರತಿನಿಧಿಗಳನ್ನೇ ಕಳಿಸಿರಲಿಲ್ಲ. ಗೆರೆ ದಾಟಿದ್ದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಹುಡುಕಿದರೂ ಸಿಗಲಿಕ್ಕಿಲ್ಲ. ಆಮೇಲೆ ಜೇಮ್ಸ್ ಮ್ಯಾಡಿಸನ್ ಇದನ್ನು ಸಮರ್ಥಿಸಿ ಬರೆದರು: ನಾವು ಕೊಟ್ಟಿರುವುದು ಸಲಹೆ ಮಾತ್ರ, ಜನ ಒಪ್ಪುವ ತನಕ ಅದು ಬರೀ ಕಾಗದ ಎಂಬುದು ಅವರ ವಾದದ ಸಾರ. ಆ ಸಮರ್ಥನೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಜನರ ಮುಂದೆ ಇಟ್ಟದ್ದು ಸರಿ. ಆದರೆ ಎಷ್ಟು ಮಂದಿ ಒಪ್ಪಿದರೆ ಸಾಕು ಎಂಬುದನ್ನೂ ತಾವೇ ಬದಲಿಸಿದ್ದು ಸಲಹೆಯ ಮಾತಾಗಲಿಲ್ಲ.

ನನಗೆ ಹೆಚ್ಚು ಹಿಡಿಸುವುದು ನಮ್ಮದೇ ಸಂವಿಧಾನ ಸಭೆಯ ನಡವಳಿಕೆ. 1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಯಿತು. ಡಾ. ಅಂಬೇಡ್ಕರ್ ಅಧ್ಯಕ್ಷರು. ಆಮೇಲೆ ಅದರೊಳಗೆ ಬಂದ ಎನ್. ಮಾಧವರಾವ್ ಅವರು ಅದಕ್ಕೆ ಸ್ವಲ್ಪ ಮೊದಲು ಮೈಸೂರಿನ ದಿವಾನರಾಗಿದ್ದವರು. ಸಭೆ ಆಗಲೇ ತೀರ್ಮಾನಿಸಿದ್ದ ವಿಷಯಗಳಿಗೆ ಕಾನೂನಿನ ರೂಪ ಕೊಡುವುದು, ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು ಸಿದ್ಧಪಡಿಸಿದ ಕರಡನ್ನು ಪರಿಶೀಲಿಸುವುದು ಅವರ ಕೆಲಸ. ಆದರೆ 1948ರ ಫೆಬ್ರವರಿ 21ರಂದು ಕರಡನ್ನು ಒಪ್ಪಿಸುವಾಗ ಅದರ ಪೀಠಿಕೆಯಲ್ಲಿ ಭ್ರಾತೃತ್ವ ಎಂಬ ಒಂದು ಅಂಶ ಹೊಸದಾಗಿ ಸೇರಿತ್ತು. ಸಭೆ ಅಂಗೀಕರಿಸಿದ್ದ ಧ್ಯೇಯಗಳ ನಿರ್ಣಯದಲ್ಲಿ ಅದು ಇರಲಿಲ್ಲ.

ಸಮಿತಿ ಗೆರೆ ದಾಟಿತೇ? ಒಂದು ಹೆಜ್ಜೆ ದಾಟಿತು. ಆದರೆ ಹೇಗೆ ದಾಟಿತು ನೋಡಿ. ಕರಡಿನ ಜೊತೆ ಸಂವಿಧಾನ ಸಭೆಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲಿ ಅಂಬೇಡ್ಕರ್ ಇದನ್ನು ಬಚ್ಚಿಡದೆ ಹೇಳಿದರು. ನಿರ್ಣಯದಲ್ಲಿ ಇಲ್ಲದ್ದನ್ನು ನಾವು ಸೇರಿಸಿದ್ದೇವೆ, ಈ ಹೊತ್ತಿನಲ್ಲಿ ದೇಶಕ್ಕೆ ಇದರ ಅಗತ್ಯ ಹಿಂದೆಂದಿಗಿಂತ ಹೆಚ್ಚಿದೆ ಎಂದು ಕಾರಣವನ್ನೂ ಕೊಟ್ಟರು. ಗಾಂಧೀಜಿ ತೀರಿಕೊಂಡು ಒಂದು ತಿಂಗಳೂ ಆಗಿರಲಿಲ್ಲ. ಸಭೆ ನೋಡಿತು, ಒಪ್ಪಿತು.

ಅದೇ ಕರಡಿನಲ್ಲಿ ಗ್ರಾಮ ಪಂಚಾಯಿತಿಗಳ ಮಾತೇ ಇರಲಿಲ್ಲ. ಇದಕ್ಕೆ ಸದನದಲ್ಲಿ ಬಹಳ ಜನ ಸದಸ್ಯರು ಸಿಟ್ಟಾದರು. ಆಗ ಕೆ. ಸಂತಾನಂ ಅವರು 1948ರ ನವೆಂಬರ್ 22ರಂದು ಸದಸ್ಯರಾಗಿ ಎದ್ದು ತಿದ್ದುಪಡಿ ಮಂಡಿಸಿದರು, ಅಂಬೇಡ್ಕರ್ ಒಪ್ಪಿಕೊಂಡರು. ಅದೇ ಇಂದಿನ 40ನೇ ವಿಧಿ. ಒಂದು ವಿಷಯ ಸಮಿತಿಯ ಕಡೆಯಿಂದ ತೆರೆದ ಪತ್ರವಾಗಿ ಬಂತು, ಇನ್ನೊಂದು ಸದಸ್ಯರ ಸೂಚನೆಯಾಗಿ ಬಂತು. ಎರಡೂ ಮುಂಬಾಗಿಲಿನಿಂದಲೇ ಬಂದವು.

ಕನ್ನಡ ನಾಡು ಒಂದಾದ ಕಥೆಯಲ್ಲೂ ಇಂಥದೊಂದು ಪುಟವಿದೆ. 1953ರ ಡಿಸೆಂಬರಿನಲ್ಲಿ ನೇಮಕವಾದ ಫಜಲ್ ಅಲಿ ನೇತೃತ್ವದ ರಾಜ್ಯ ಪುನರ್ವಿಂಗಡಣಾ ಆಯೋಗ 1955ರಲ್ಲಿ ವರದಿ ಕೊಟ್ಟಿತು. ನಾವೆಲ್ಲ ಅದನ್ನು ಗಡಿ ಗೆರೆ ಎಳೆದ ಆಯೋಗ ಎಂದೇ ನೆನೆಯುತ್ತೇವೆ. ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. ಅಖಿಲ ಭಾರತ ಸೇವೆಗೆ ಹೊಸದಾಗಿ ಸೇರುವವರಲ್ಲಿ ಅರ್ಧದಷ್ಟಾದರೂ ಆಯಾ ರಾಜ್ಯದ ಹೊರಗಿನವರಿರಲಿ, ಹೈಕೋರ್ಟಿನ ನ್ಯಾಯಾಧೀಶರಲ್ಲಿ ಮೂರನೇ ಒಂದು ಭಾಗ ಹೊರಗಿನವರಿರಲಿ ಎಂದಿತು. ಗೆರೆ ಎಲ್ಲೇ ಎಳೆದರೂ ಕೆಲವರು ಆಚೆ ಕಡೆ ಉಳಿದೇ ಉಳಿಯುತ್ತಾರೆ, ಅಂಥ ಭಾಷಾ ಅಲ್ಪಸಂಖ್ಯಾತರಿಗೆ ಏನು ರಕ್ಷಣೆ ಎಂದೂ ಬರೆಯಿತು. ಗಡಿ ಎಳೆಯುವುದಕ್ಕೂ ಜಡ್ಜುಗಳ ನೇಮಕಕ್ಕೂ ಏನು ಸಂಬಂಧ ಎಂದು ಅಂದೇ ಯಾರಾದರೂ ಕೇಳಬಹುದಿತ್ತು. ಆದರೆ ಆ ಭಾಷಾ ಅಲ್ಪಸಂಖ್ಯಾತರ ಮಾತು 1956ರ ಏಳನೇ ತಿದ್ದುಪಡಿಯ ಮೂಲಕ ಸಂವಿಧಾನದ 350ಎ ಮತ್ತು 350ಬಿ ವಿಧಿಗಳಾಗಿ ಬಂತು. ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ, ಅದನ್ನೆಲ್ಲ ನೋಡಿಕೊಳ್ಳಲು ಒಬ್ಬ ವಿಶೇಷ ಅಧಿಕಾರಿ. ನಮ್ಮ ಇಂಡಿ, ಚಡಚಣದ ಗಡಿ ದಾಟಿದರೆ ಸಿಗುವ ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಕನ್ನಡಿಗರಿಗೆ, ಅತ್ತ ಕಾಸರಗೋಡಿನವರಿಗೆ, ಆಯೋಗದ ಮುಖ್ಯ ತೀರ್ಮಾನ ಏನೂ ಕೊಡಲಿಲ್ಲ. ಬದಿಯಲ್ಲಿ ಬರೆದ ಮಾತು ಒಂದು ಕನ್ನಡ ಶಾಲೆಯ ಹಕ್ಕನ್ನಾದರೂ ಕೊಟ್ಟಿತು. ಅದೂ ಹೇಗೆ ಸಿಕ್ಕಿತು? ಆಯೋಗ ಹೇಳಿತು, ಸಂಸತ್ತು ಬೇರೆಯಾಗಿ ಚರ್ಚಿಸಿ ಕಾನೂನು ಮಾಡಿತು.

ಇಷ್ಟು ಹೇಳಿದ ಮೇಲೆ, ಗೆರೆಯ ಹೆಸರಿನಲ್ಲಿ ನಡೆಯುವ ಇನ್ನೊಂದು ಅನ್ಯಾಯವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮಲ್ಲಿ ‘ಇದು ನಿಮ್ಮ ವ್ಯಾಪ್ತಿಗೆ ಬರೋದಿಲ್ಲ’ ಎಂಬ ಮಾತು ಬಲವಿದ್ದವರಿಗೆ ಯಾರೂ ಹೇಳುವುದಿಲ್ಲ. 2001ರಿಂದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ ಬಂದಿದೆ, ಅದರಲ್ಲಿ ತಾಯಂದಿರು ಇದ್ದಾರೆ. ಅವರಲ್ಲಿ ಒಬ್ಬಾಕೆ ಎದ್ದು, ‘ಸರ್, ಶಾಲೆ ಮುಂದಿನ ರಸ್ತೆಯಾಗ ಲಾರಿ ಭಾಳ ಓಡ್ತಾವ, ಒಂದು ಉಬ್ಬು ಹಾಕಸ್ರಿ’ ಅಂದರೆ ಬರುವ ಉತ್ತರ ಏನು? ‘ಅದು ಪಿಡಬ್ಲ್ಯುಡಿ ವಿಷಯ ಬಾಯಾರ, ನೀವು ಬಿಸಿಯೂಟದ್ದು ಮಾತಾಡ್ರಿ.’ ನಡಾವಳಿ ಪುಸ್ತಕದಲ್ಲಿ ಆಕೆಯ ಮಾತು ಬರುವುದೇ ಇಲ್ಲ. ಅದೇ ಸಭೆಯಲ್ಲಿ ಊರ ಗೌಡರೊಬ್ಬರು ಶಾಲೆಯ ಜಾಗದ ಮೂಲೆಯಲ್ಲಿ ಒಂದು ಕಟ್ಟೆ ಕಟ್ಟುವ ಮಾತು ತೆಗೆದರೆ ಅದು ‘ಅಧ್ಯಕ್ಷರ ಅಪ್ಪಣೆಯ ಮೇರೆಗೆ’ ಸಲೀಸಾಗಿ ಒಳಗೆ ಬರುತ್ತದೆ. ಅಧ್ಯಕ್ಷರ ಅಪ್ಪಣೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ನಾಲ್ಕು ಸಭೆ ಕೂತು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ತಾಯಿಯ ಮಾತಿಗೆ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ನಡಾವಳಿಯಲ್ಲಿ ಎರಡು ಸಾಲು: ‘ಶಾಲೆಯ ಮುಂದಿನ ರಸ್ತೆಯಲ್ಲಿ ಮಕ್ಕಳಿಗೆ ಅಪಾಯವಿರುವುದನ್ನು ಸದಸ್ಯರು ಗಮನಕ್ಕೆ ತಂದರು. ಇದು ಈ ಸಮಿತಿಯ ಕಾರ್ಯವ್ಯಾಪ್ತಿಯ ಹೊರಗಿನದಾದ್ದರಿಂದ ಮುಂದಿನ ಕ್ರಮಕ್ಕಾಗಿ ಪಟ್ಟಣ ಪಂಚಾಯಿತಿಗೆ ಕಳಿಸಲಾಗಿದೆ.’ ಲೋಕಸಭೆಯ ವಿಶೇಷ ವರದಿ ಇದಕ್ಕಿಂತ ಬೇರೆಯೇನಲ್ಲ. ವ್ಯಾಪ್ತಿ ಇಲ್ಲ ಎಂಬುದು ಮಾತನ್ನು ಮುಂದಿನ ಮನೆಗೆ ದಾಟಿಸಲು ಕಾರಣವಾಗಬೇಕು, ಅಳಿಸಿಹಾಕಲು ಅಲ್ಲ. ಪಿಡಬ್ಲ್ಯುಡಿಯವರು ಉಬ್ಬು ಹಾಕುತ್ತಾರೋ ಇಲ್ಲವೋ, ಅದು ಬೇರೆ ಕಥೆ.

ಈಗ ಕೃಷ್ಣೆಯ ಕಡೆ ಬರೋಣ. ಕೊಲ್ಹಾರದ ಸೇತುವೆಯ ಮೇಲೆ ನಿಂತು ಕೊರ್ತಿಯ ಕಡೆ ನೋಡಿದರೆ ಕಾಣುವ ಆ ನೀರಿನ ಹರವು ಇವತ್ತಿನ ಮಾತಿಗೆ ನೇರವಾಗಿ ಸಂಬಂಧಪಟ್ಟದ್ದು. ಆ ನೀರು ಎಷ್ಟು ಎತ್ತರಕ್ಕೆ ನಿಲ್ಲಬೇಕು ಎಂಬ ವ್ಯಾಜ್ಯದೊಳಗೆ, ಒಂದು ಮಂಡಳಿ ಏನನ್ನು ನಿರ್ಧರಿಸಬಹುದು, ಏನನ್ನು ಬರೀ ಸೂಚಿಸಬಹುದು ಎಂಬ ಪ್ರಶ್ನೆಯೇ ದಶಕಗಳಿಂದ ಸಿಕ್ಕಿಕೊಂಡಿದೆ.

1969ರಲ್ಲಿ ನ್ಯಾಯಮೂರ್ತಿ ಬಚಾವತ್ ಅವರ ಅಧ್ಯಕ್ಷತೆಯಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ರಚನೆಯಾಯಿತು. 1956ರ ಅಂತರರಾಜ್ಯ ಜಲವಿವಾದ ಕಾಯಿದೆ ಇಂಥ ಮಂಡಳಿಗೆ ಹೇಳುವುದು ಇಷ್ಟು: ಒಪ್ಪಿಸಿದ ವಿಷಯವನ್ನು ವಿಚಾರಣೆ ಮಾಡು, ಆ ವಿಷಯದ ಮೇಲೆ ತೀರ್ಪು ಕೊಡು. 1973ರ ವರದಿಯಲ್ಲಿ ಮಂಡಳಿ ಎರಡು ಯೋಜನೆ ಬರೆಯಿತು. ಎ ಸ್ಕೀಮಿನಲ್ಲಿ, ನೂರರಲ್ಲಿ ಎಪ್ಪತ್ತೈದು ವರ್ಷ ಖಾತ್ರಿಯಾಗಿ ಸಿಗುವ 2060 ಟಿಎಂಸಿ ನೀರನ್ನು ಹಂಚಿತು: ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800. ಅದರ ಮೇಲೆ ಬರುವ ನೀರನ್ನು ಆಂಧ್ರ ಬಳಸಿಕೊಳ್ಳಬಹುದು, ಆದರೆ ಅದರ ಮೇಲೆ ಹಕ್ಕು ಸಾಧಿಸುವಂತಿಲ್ಲ. ಬಿ ಸ್ಕೀಮು ಬೇರೆ ಬಗೆಯದು. ಮಳೆ ಹೆಚ್ಚಾದ ವರ್ಷದ ಹೆಚ್ಚುವರಿ ನೀರನ್ನೂ ಮೂರು ರಾಜ್ಯಗಳು ಹಂಚಿಕೊಳ್ಳಬೇಕು, ಅದನ್ನು ನಡೆಸಲು ಕೃಷ್ಣಾ ಕಣಿವೆ ಪ್ರಾಧಿಕಾರ ಇರಬೇಕು. ಆ ಲೆಕ್ಕದಲ್ಲಿ 2130 ಟಿಎಂಸಿ ದಾಟಿದ ನೀರಿನ ಅರ್ಧ ಕರ್ನಾಟಕಕ್ಕೆ ಬರುತ್ತಿತ್ತು.

ಮಂಡಳಿಯ ದೃಷ್ಟಿಯಲ್ಲಿ ಬಿ ಸ್ಕೀಮು ಕಡಿಮೆಯದೇನಾಗಿರಲಿಲ್ಲ. ಆದರೆ ಅದು ಪ್ರಾಧಿಕಾರದ ಮೇಲೆ ನಿಂತಿತ್ತು. ಪ್ರಾಧಿಕಾರ ಆಗಬೇಕಾದರೆ ಮೂರೂ ರಾಜ್ಯಗಳು ಒಪ್ಪಬೇಕು, ಇಲ್ಲವೇ ಸಂಸತ್ತು ಕಾಯಿದೆ ಮಾಡಬೇಕು. ರಾಜ್ಯಗಳ ಒಪ್ಪಂದ ಆಗಲಿಲ್ಲ. ಮಂಡಳಿ ಅಲ್ಲಿ ತನ್ನ ಕೈಯನ್ನು ತಾನೇ ಹಿಡಿದುಕೊಂಡಿತು. 1976ರ ಅಂತಿಮ ಆದೇಶದಲ್ಲಿ ಎ ಸ್ಕೀಮು ಮಾತ್ರ ಬಂತು. ಬಿ ಸ್ಕೀಮು ವರದಿಯ ಹಾಳೆಗಳಲ್ಲಿ ಉಳಿಯಿತು.

ಹಾಳೆಯಲ್ಲಿ ಉಳಿದ ಆ ಮಾತನ್ನು ಹಿಡಿದು ಕರ್ನಾಟಕ 1997ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬಿ ಸ್ಕೀಮನ್ನು ಜಾರಿ ಮಾಡಿಸಿಕೊಡಿ ಎಂದು ಕೇಳಿತು. ಅದೇ ವರ್ಷ ಆಂಧ್ರವೂ ಆಲಮಟ್ಟಿಯ ಎತ್ತರವನ್ನು ಪ್ರಶ್ನಿಸಿ ದಾವೆ ಹೂಡಿತು. 2000ದ ಏಪ್ರಿಲ್ 25ರಂದು ಐವರು ನ್ಯಾಯಮೂರ್ತಿಗಳ ಪೀಠ ಎರಡಕ್ಕೂ ಉತ್ತರ ಹೇಳಿತು. ಬಿ ಸ್ಕೀಮು ನ್ಯಾಯಮಂಡಳಿಯ ತೀರ್ಪೇ ಅಲ್ಲ, ಆದ್ದರಿಂದ ಜಾರಿ ಮಾಡಲು ಬರುವುದಿಲ್ಲ ಎಂದಿತು. ನಮ್ಮ ದಾವೆ ಬಿದ್ದುಹೋಯಿತು. ಆಲಮಟ್ಟಿಯ ವಿಷಯದಲ್ಲಿ, ಅಗತ್ಯ ಅನುಮತಿಗಳಿಗೆ ಒಳಪಟ್ಟು 519.6 ಮೀಟರ್ ತನಕ ನೀರು ನಿಲ್ಲಿಸಬಹುದು, 524.256 ಮೀಟರಿನ ಮಾತು ಮುಂದಿನ ನ್ಯಾಯಮಂಡಳಿಗೆ ಬಿಟ್ಟದ್ದು ಎಂದಾಯಿತು. ಇವತ್ತು ಕೊಲ್ಹಾರದವರು ನೋಡುತ್ತಿರುವ ಹಿನ್ನೀರಿನ ಮಟ್ಟ ಆ 519.6ರದು.

ಮುಂದಿನ ನ್ಯಾಯಮಂಡಳಿ 2004ರಲ್ಲಿ ನ್ಯಾಯಮೂರ್ತಿ ಬ್ರಿಜೇಶ್ ಕುಮಾರ್ ಅವರ ನೇತೃತ್ವದಲ್ಲಿ ಬಂತು. 2010ರ ಡಿಸೆಂಬರ್ 30ರಂದು 524.256ಕ್ಕೆ ಒಪ್ಪಿಗೆ ಕೊಟ್ಟಿತು, 2013ರ ನವೆಂಬರಿನಲ್ಲಿ ಮುಂದುವರಿದ ವರದಿಯನ್ನೂ ಕೊಟ್ಟಿತು. ಸುಪ್ರೀಂ ಕೋರ್ಟಿನ 2011ರ ತಡೆಯಿಂದಾಗಿ ಅದು ರಾಜ್ಯಪತ್ರದಲ್ಲಿ ಪ್ರಕಟವಾಗಲಿಲ್ಲ. ಅಷ್ಟರಲ್ಲಿ 2014ರಲ್ಲಿ ಆಂಧ್ರ ಒಡೆದು ತೆಲಂಗಾಣವಾಯಿತು. ಪುನರ್ವಿಂಗಡಣಾ ಕಾಯಿದೆಯ 89ನೇ ಕಲಮು ಇದೇ ಮಂಡಳಿಯ ಅವಧಿ ಮುಂದುವರಿಸಿ ಮತ್ತಷ್ಟು ಕೆಲಸ ಒಪ್ಪಿಸಿತು. ಆ ಕೆಲಸ ಯಾವುದು? ನಾಲ್ಕೂ ರಾಜ್ಯಗಳ ಹಂಚಿಕೆಯನ್ನು ಮತ್ತೆ ಬಿಚ್ಚುವುದೋ, ಹಳೆಯ ಆಂಧ್ರದ ಪಾಲನ್ನು ಇಬ್ಬರಿಗೆ ಹಂಚುವುದಷ್ಟೋ? ಎಲ್ಲ ಬಿಚ್ಚಿ ಎಂದು ತೆಲಂಗಾಣ, ಆಂಧ್ರ ಹೇಳಿದವು. ನಿಮ್ಮ ಗೆರೆ ದಾಟಬೇಡಿ ಎಂದು ಕರ್ನಾಟಕ, ಮಹಾರಾಷ್ಟ್ರ ವಾದಿಸಿದವು. 2016ರ ಅಕ್ಟೋಬರಿನಲ್ಲಿ ಮಂಡಳಿ ನಮ್ಮ ಮಾತನ್ನೇ ಒಪ್ಪಿ, ಈ ಒಪ್ಪಿಸಿದ ಕೆಲಸ ಆ ಎರಡು ರಾಜ್ಯಗಳಿಗೆ ಮಾತ್ರ ಸೀಮಿತ ಎಂದಿತು.

1997ರಲ್ಲಿ ನಾವು ಮಂಡಳಿಯ ಸಲಹೆಯನ್ನೂ ತೀರ್ಪಿನಂತೆ ನಡೆಸಿಕೊಡಿ ಎಂದು ಕೇಳಿದವರು. 2016ರಲ್ಲಿ ಒಪ್ಪಿಸಿದ್ದರ ಹೊರಗೆ ಒಂದು ಅಕ್ಷರವೂ ಬೇಡ ಎಂದವರು. ಮೊದಲನೆಯದರಲ್ಲಿ ಸೋತೆವು, ಎರಡನೆಯದರಲ್ಲಿ ಗೆದ್ದೆವು. ಎರಡೂ ಸಲ ಗೆದ್ದದ್ದು ಗೆರೆಯೇ. ಕನ್ನಡಿಗನಾಗಿ ಮೊದಲನೆಯದಕ್ಕೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಎರಡನೆಯದು ಬೇಕು ಎನ್ನುವವನು ಮೊದಲನೆಯದನ್ನು ಬೇಡ ಎನ್ನಲು ಬರುವುದಿಲ್ಲ.

ಈ ಎಲ್ಲ ವ್ಯಾಜ್ಯಗಳ ನಡುವೆ ಕೊಲ್ಹಾರದ ಮಂದಿ ಕೇಳಿದ ಪ್ರಶ್ನೆಗಳು ಮಾತ್ರ ಬೇರೆಯವು. ಹಳೇ ಊರು ಬಿಟ್ಟವರಿಗೆ ಕೊಟ್ಟ ಪ್ಲಾಟಿಗೆ ನೀರು ಯಾವಾಗ, ಮುಳುಗಿದ ಹೊಲದ ದುಡ್ಡು ಎಷ್ಟು, ಮಟ್ಟ 524ಕ್ಕೆ ಏರಿದರೆ ಹೊಸದಾಗಿ ಯಾರ ಹೊಲ ಹೋಗುತ್ತದೆ. ಇವನ್ನೆಲ್ಲ ಕೇಳಲು ಜಲವಿವಾದದ ನ್ಯಾಯಮಂಡಳಿಗೆ ಹೋದರೆ ಅಲ್ಲಿ ಮಾತು ಟಿಎಂಸಿಯದು. ಪುನರ್ವಸತಿ ಕಚೇರಿಗೆ ಹೋದರೆ ಎತ್ತರದ ತೀರ್ಮಾನ ನಮ್ಮದಲ್ಲ ಎನ್ನುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಗೆರೆಯೊಳಗೆ ಸರಿಯಾಗಿಯೇ ಕೂತಿದ್ದಾರೆ. ‘ಇದು ನಮ್ಮ ವ್ಯಾಪ್ತಿಯಲ್ಲಿ ಇಲ್ಲ, ಆದರೆ ನಮ್ಮ ಕಣ್ಣಿಗೆ ಬಿದ್ದಿದೆ’ ಎಂದು ಬರೆದು ಮೇಲಕ್ಕೆ ಕಳಿಸುವ ಆ ಎರಡು ಸಾಲು ಮಾತ್ರ ಇಲ್ಲೂ ಬರೆಯುವವರು ಕಡಿಮೆ.

ವ್ಯಾಜ್ಯ ಇನ್ನೂ ಮುಗಿದಿಲ್ಲ. 2023ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ, ಆಂಧ್ರ ಮತ್ತು ತೆಲಂಗಾಣದ ನಡುವಣ ಹಂಚಿಕೆಯ ಬಗ್ಗೆ ಅದೇ ಬ್ರಿಜೇಶ್ ಕುಮಾರ್ ಮಂಡಳಿಗೆ ಹೊಸ ವಿಚಾರಣಾ ವಿಷಯಗಳನ್ನು ಒಪ್ಪಿಸಿತು. ಹಾಗೆ ಒಪ್ಪಿಸಿದ್ದೇ ಸರಿಯಲ್ಲ ಎಂದು ಆಂಧ್ರ ಪ್ರದೇಶ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು.